ಮಂಜು ತಂದ ಹಳೆ ರಿವಾಲ್ವರ್: ನಮ್ಮ ಮನೆ ಗುಂಪಿನ ಮಾತುಕತೆ

ಮಂಜು (ಗಂಗಾವತಿ): [ಫೋಟೊ] ಎಲ್ಲರೂ ನೋಡಿ. ವೆಬ್ಲಿ ಕಂಪನಿಯದು, ನಳಿಗೆ ತೂತಿನ ಅಳತೆ ಪಾಯಿಂಟ್ 32. ಕಾರಟಗಿ ಕಡೆ ಒಬ್ಬ ಹಿರಿಯರದು. ಅವರು ತೀರಿಕೊಂಡ ಮೇಲೆ ಮಕ್ಕಳು ಡೀಲರ್ ಅಂಗಡಿಯಲ್ಲಿ ಇಟ್ಟುಬಿಟ್ಟಿದ್ದರಂತೆ. ಹೊಸದಕ್ಕೆ ಲಕ್ಷದ ಮೇಲಾಗುತ್ತದೆ, ಇದು ಮೂವತ್ತು ಸಾವಿರಕ್ಕೆ ಸಿಕ್ಕಿತು. ಮೈಯೆಲ್ಲ ತುಕ್ಕು, ಹಿಡಿಯ ಒಂದು ಪಟ್ಟಿ ಸೀಳಿದೆ. ಫಳಫಳ ಹೊಳೆಯುವ ಹಾಗೆ ಮಾಡಿಸಬೇಕು ಅಂತ ಇದ್ದೇನೆ.

ವೀರೇಶ (ಬಳ್ಳಾರಿ): ಭಾರಿ ಇದೆ ಮಂಜಣ್ಣ! ನಿಕಲ್ ಪಾಲಿಶ್ ಮಾಡಿಸಿಬಿಡು. ನನ್ನ ಬೈಕಿನ ಸೈಲೆನ್ಸರ್‌ಗೆ ಮಾಡಿದವರು ಇಲ್ಲೇ ಇದ್ದಾರೆ. ಕೊಟ್ಟರೆ ಎರಡು ದಿನದ ಕೆಲಸ. ಹಿಡಿಗೆ ಗೊಂಬೆ ಮಾಡುವ ಕಿನ್ನಾಳದವರ ಹತ್ತಿರ ಬಣ್ಣದ ಕೆಲಸ ಮಾಡಿಸು, ನಳಿಗೆ ಮೇಲೆ ನಿನ್ನ ಹೆಸರು ಕೆತ್ತಿಸು. ಮುಂದಿನ ತಿಂಗಳು ಮದುವೆಗೆ ತಾ, ಎಲ್ಲರೂ ನೋಡಲಿ.

ಶಾರದಕ್ಕ: ಮದುವೆಗೆ ಯಾಕೆ ಬೇಕು ಅದು? ಮಂಜು, ನಿನ್ನ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಮೊದಲು ಅದನ್ನು ಎಲ್ಲಿ ಇಟ್ಟಿದ್ದೀಯ ಹೇಳು.

ಮಂಜು: ಬೀರುವಿನಲ್ಲಿದೆ ಅಕ್ಕ. ಗುಂಡು ತಂದೇ ಇಲ್ಲ.

ಶಾರದಕ್ಕ: ಬೀರುವಿನ ಕೀಲಿ ಯಾವಾಗಲೂ ಬಾಗಿಲಿಗೇ ಇರುತ್ತದೆ, ನನಗೆ ಗೊತ್ತಿಲ್ವಾ?

ಸುಮಾ: ಮಾವ, ಲೈಸೆನ್ಸಿನಲ್ಲಿ ಇದರ ನಂಬರ್ ಎಂಟ್ರಿ ಆಗಿದೆಯಾ?

ಮಂಜು: ಆಗಿದೆಯಮ್ಮ. ಭತ್ತದ ದುಡ್ಡು ಹಿಡಿದು ರಾತ್ರಿ ಓಡಾಡುತ್ತೇನೆ ಅಂತ ಮೊದಲೇ ಲೈಸೆನ್ಸ್ ಇತ್ತು. ಡಿಸಿ ಆಫೀಸಿಗೆ ಅಲೆದು ಎಂಟ್ರಿ ಮಾಡಿಸಿದ ಮೇಲೇ ಡೀಲರ್ ಕೊಟ್ಟಿದ್ದು.

ವೀರೇಶ: ಇಷ್ಟು ತುಕ್ಕು ಹಿಡಿದದ್ದಕ್ಕೆ ಲೈಸೆನ್ಸೇ ಬೇಡ ಅಲ್ವಾ? ಹಳೆ ಕಾಲದ ವಸ್ತು ಅಂತ ಬಿಡುತ್ತಾರೆ ಅಂತ ಕೇಳಿದ್ದೆ.

ಸುಮಾ: ಅಣ್ಣ, ಅರ್ಧ ಮಾತು ಕೇಳಿದ್ದೀಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂನಲ್ಲಿ ಹಳೆ ಆಯುಧಗಳಿಗೆ ವಿನಾಯಿತಿ ಇದೆ, ನಿಜ. ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸಲು ಆಗದಂಥದ್ದಕ್ಕೆ ಮಾತ್ರ. ಇಂದು ಕೆಟ್ಟಿದೆ, ನಾಳೆ ರಿಪೇರಿ ಮಾಡಿಸಿದರೆ ಹಾರುತ್ತದೆ ಅಂದರೆ ಅದು ಬಂದೂಕೇ. ಮಾವ ಸರಿಯಾಗಿಯೇ ಮಾಡಿದ್ದಾರೆ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹತ್ತಿರ ಎರಡಕ್ಕಿಂತ ಜಾಸ್ತಿ ಇರುವ ಹಾಗಿಲ್ಲ, ಅಜ್ಜನ ಕಾಲದ್ದು ಅಂದರೂ ಲೆಕ್ಕಕ್ಕೆ ಬರುತ್ತದೆ. ಮದುವೆಯಲ್ಲಿ ಖುಷಿಗೆ ಅಂತ ಗಾಳಿಯಲ್ಲಿ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದೂ ಅದೇ ತಿದ್ದುಪಡಿಯಲ್ಲಿ ಬಂದದ್ದು.

ವೀರೇಶ: ಹಾರಿಸು ಅಂತ ನಾನೆಲ್ಲಿ ಹೇಳಿದೆ? ತೋರಿಸು ಅಂದೆ.

ಚಿಕ್ಕಪ್ಪ (ಬಳ್ಳಾರಿ): ಮಂಜು, ನಳಿಗೆ ಮತ್ತು ಗುಂಡು ಕೂರುವ ಸಿಲಿಂಡರ್ ಹತ್ತಿರದಿಂದ ಕಾಣುವ ಫೋಟೊ ನನಗೊಬ್ಬನಿಗೇ ಕಳಿಸು. ಎಮರಿ ಪೇಪರ್ ಹಿಡಿದು ಕೂತಿಲ್ಲ ತಾನೇ?

ಮಂಜು: ಇಲ್ಲ ಚಿಕ್ಕಪ್ಪ. ನಾಳೆ ಶುರು ಮಾಡೋಣ ಅಂತಿದ್ದೆ. ಕಳಿಸಿದೆ ನೋಡಿ.

ಚಿಕ್ಕಪ್ಪ: ಕೈ ಹಚ್ಚಬೇಡ. ನಾನು ಮೀಸಲು ಪಡೆಯ ಆರ್ಮರಿಯಲ್ಲಿ (ಆಯುಧ ಕೋಠಿಯಲ್ಲಿ) ನೌಕರಿ ಪೂರ್ತಿ ಇಂಥವನ್ನೇ ಬಿಚ್ಚಿ ಜೋಡಿಸಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ನಳಿಗೆ ಬುಡದಲ್ಲಿ ಕಿರೀಟದ ಗುರುತು, ಅದರ ಕೆಳಗೆ ಬಿ.ವಿ., ಪಕ್ಕದಲ್ಲಿ ಇನ್ನೊಂದು ಕಿರೀಟ, ಕೆಳಗೆ ಎನ್.ಪಿ. ಕಾಣುತ್ತಿದೆ. ಇವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಂದೂಕು ಪರೀಕ್ಷೆ ಮಾಡುವ ಪ್ರೂಫ್ ಹೌಸಿನ ಮುದ್ರೆ. ಬಿ.ವಿ. ಅಂದರೆ ಕಣ್ಣಲ್ಲಿ ನೋಡಿ ಪರೀಕ್ಷಿಸಿದ ಗುರುತು. ಎನ್.ಪಿ. ಅಂದರೆ ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ (ಗುಂಡು) ಹಾಕಿ ಹಾರಿಸಿ, ಒಡೆಯಲಿಲ್ಲ ಅಂದ ಮೇಲೆ ಹಾಕುವ ಗುರುತು. 1904ರಿಂದ 1954ರವರೆಗೆ ಇದೇ ರೀತಿ ಹಾಕುತ್ತಿದ್ದರು. ಅಂದರೆ ಇದಕ್ಕೆ ಕಡಿಮೆ ಅಂದರೂ ಎಪ್ಪತ್ತು ವರ್ಷ. ಆ ಕಿರೀಟದ ಗೆರೆ ಇನ್ನೂ ಚೂಪಾಗಿದೆ. ತುಕ್ಕಿನ ಅಡಿಯಲ್ಲಿ ಲೋಹ ಸವೆದಿಲ್ಲ ಅಂತ ಅದರಿಂದಲೇ ಗೊತ್ತಾಗುತ್ತದೆ. ನಿಕಲ್ ಹಿಡಿಯಬೇಕಾದರೆ ಮೊದಲು ಬಫ್ ಮಾಡುತ್ತಾರೆ, ಅಂದರೆ ಮೇಲ್ಮೈ ಉಜ್ಜಿ ನುಣುಪು ಮಾಡುತ್ತಾರೆ. ಮೊದಲು ಹೋಗುವುದೇ ಈ ಮುದ್ರೆ, ಆಮೇಲೆ ನಂಬರ್. ಲೈಸೆನ್ಸಿನಲ್ಲಿರುವ ನಂಬರ್ ರಿವಾಲ್ವರಿನ ಮೇಲೆ ಓದಲು ಬರಲಿಲ್ಲ ಅಂದರೆ ನೀನು ಯಾರಿಗೆ ಏನು ಉತ್ತರ ಕೊಡುತ್ತೀಯ?

ಎರಡನೆಯದು, ಪಾಲಿಶ್ ಅಂಗಡಿಯ ಆಸಿಡ್ ತೊಟ್ಟಿ. ಸೈಲೆನ್ಸರ್ ಬರೀ ಕೊಳವೆ, ಅದಕ್ಕೆ ಏನೂ ಆಗುವುದಿಲ್ಲ. ಇದರೊಳಗೆ ಗಟ್ಟಿ ಮಾಡಿದ ಉಕ್ಕಿನ ಸ್ಪ್ರಿಂಗ್, ಕೊಂಡಿ ಎಲ್ಲ ಇವೆ. ಆಸಿಡ್‌ನಲ್ಲಿ, ಕರೆಂಟ್ ತೊಟ್ಟಿಯಲ್ಲಿ ಅದ್ದಿದಾಗ ಆ ಉಕ್ಕಿನೊಳಗೆ ಹೈಡ್ರೋಜನ್ ಸೇರಿಕೊಂಡು ಪೆಡಸಾಗುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಒಂದು ದಿನ ಪಟ್ ಅಂತ ಮುರಿಯುತ್ತದೆ.

ಸುಮಾ: ಪಾಲಿಶ್ ಅಂಗಡಿಯವರಿಗೆ ಲೈಸೆನ್ಸ್ ಇರುವುದಿಲ್ಲ. ಅವರ ಕೈಗೆ ಕೊಟ್ಟು ಬಂದರೆ ಕೊಟ್ಟವರ ಮೇಲೂ ಕೇಸ್, ಇಟ್ಟುಕೊಂಡವರ ಮೇಲೂ ಕೇಸ್. ಬಂದೂಕು ರಿಪೇರಿಗೆ ಬೇರೆಯೇ ಲೈಸೆನ್ಸ್ ಇದೆ. ನಂಬರ್ ಅಳಿಸುವುದು, ತಿದ್ದುವುದು ಅದೇ ಒಂದು ಅಪರಾಧ.

ವೀರೇಶ: ಸರಿ, ನಿಕಲ್ ಬೇಡ. ಹಾಗಂತ ತುಕ್ಕು ಹಾಗೇ ಬಿಡುವುದಾ? ದಿನಾ ಒಂದಿಷ್ಟು ತಿನ್ನುತ್ತಾ ಹೋಗುತ್ತದೆ. ನಾನು ಮಾಡಿಸಿದ ಬೈಕು ಒಂಬತ್ತು ವರ್ಷ ಹೊಲದ ಮೂಲೆಯಲ್ಲಿ ಬಿದ್ದಿತ್ತು. ಈಗ ಜನ ನಿಂತು ನೋಡುತ್ತಾರೆ. ದುಡ್ಡು ಕೊಟ್ಟು ತಂದವನು ತನಗೆ ಬೇಕಾದ ಹಾಗೆ ಮಾಡಿಸಿಕೊಂಡರೆ ತಪ್ಪೇನು?

ಚಿಕ್ಕಪ್ಪ: ತುಕ್ಕು ನಿಲ್ಲಬೇಕು, ಆ ಮಾತು ಒಪ್ಪಿದೆ. ಆದರೆ ಕೆಂಪಗೆ ಕೈಗೆ ಅಂಟುವ ತುಕ್ಕು ಬೇರೆ, ಕಪ್ಪು ನೀಲಿ ಪದರ ಬೇರೆ. ಆ ಕಪ್ಪು ಕಾರ್ಖಾನೆಯಲ್ಲೇ ಹಿಡಿಸಿದ್ದು, ಬ್ಲೂಯಿಂಗ್ ಅನ್ನುತ್ತಾರೆ. ಅದನ್ನು ಕೆರೆದರೆ ಕಳೆದೇ ಹೋಯಿತು. ಕೆಂಪಿರುವ ಕಡೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು ಹಳೆ ಹತ್ತಿ ಬಟ್ಟೆಯಲ್ಲಿ ಒರೆಸಬೇಕು. ಬಟ್ಟೆ ಕಂದು ಬಣ್ಣಕ್ಕೆ ಬರುತ್ತದೆ. ಇನ್ನೊಮ್ಮೆ ಹಚ್ಚು, ಇನ್ನೊಮ್ಮೆ ಒರೆಸು. ನಿಧಾನದ ಕೆಲಸ, ಬೇಜಾರಾಗುತ್ತದೆ, ಆದರೂ ಅದೇ ಸರಿ. ಇನ್ನೊಂದು, ನಮ್ಮ ಕಡೆ ಎಣ್ಣೆ ಜಾಸ್ತಿ ಸುರಿಯಬಾರದು. ಸಂಡೂರು ಕಡೆಯಿಂದ ಬರುವ ಅದಿರು ಧೂಳು ಎಣ್ಣೆಗೆ ಅಂಟಿದರೆ ಒಳಗಿನ ಭಾಗಗಳನ್ನು ಅರೆಯುತ್ತಾ ಕೂರುತ್ತದೆ. ಆರ್ಮರಿಯಲ್ಲಿ ಬಿಚ್ಚಿದಾಗ ಎಷ್ಟೋ ಸಲ ಕೆಂಪು ಕೆಸರೇ ಸಿಗುತ್ತಿತ್ತು.

ಹೊರಗಿನ ಚಂದ ಆಮೇಲೆ. ಈ ಮಾದರಿಯಲ್ಲಿ ಮೇಲಿನ ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಖಾಲಿ ತೋಟಾ ಎಲ್ಲ ಒಟ್ಟಿಗೆ ಹೊರಗೆ ಬರುತ್ತವೆ. ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಇಡೀ ಒತ್ತಡ ತಡೆಯುವುದು ಆ ಕೊಂಡಿ ಮತ್ತು ಕೀಲು. ಮುಚ್ಚಿದ ಮೇಲೆ ನಳಿಗೆ ಅಲುಗಾಡಿದರೆ ಅದು ಶೋಕೇಸಿಗೆ ಮಾತ್ರ. ತೋಟಾಕ್ಕೆ ಬಡಿಯುವ ಹ್ಯಾಮರ್ ಎಳೆದಾಗ ಸಿಲಿಂಡರ್ ತೂತು ನಳಿಗೆಗೆ ನೇರ ಬಂದು ಗಟ್ಟಿಯಾಗಿ ನಿಲ್ಲಬೇಕು. ಕೂದಲೆಳೆ ಆಚೀಚೆ ಆದರೂ ಸೀಸ ಕೆತ್ತಿಕೊಂಡು ಪಕ್ಕಕ್ಕೆ ಸಿಡಿಯುತ್ತದೆ, ಹಿಡಿದವನ ಕೈಗೇ ಬಡಿಯುತ್ತದೆ. ಇದನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ನೋಡಿ ಹೇಳಬೇಕು. ಅಲ್ಲಿಯವರೆಗೆ ಒಂದು ತೋಟಾನೂ ತರಬೇಡ ಮಂಜು. ಇದು ನನ್ನ ಕಟ್ಟುನಿಟ್ಟಿನ ಮಾತು.

ಮಂಜು: ಸರಿ ಚಿಕ್ಕಪ್ಪ. ಪಾಯಿಂಟ್ 38 ಸಿಕ್ಕಿದ್ದರೆ ಇನ್ನೂ ಚೆನ್ನಾಗಿತ್ತು ಅಂತ ಡೀಲರ್ ಹೇಳುತ್ತಿದ್ದರು.

ಚಿಕ್ಕಪ್ಪ: ಅದು ಪೊಲೀಸರ ಅಳತೆಯ ನಳಿಗೆ (ಬೋರು), ಸಾಮಾನ್ಯ ಜನಕ್ಕೆ ಕೊಡುವುದಿಲ್ಲ. ಅದಕ್ಕೇ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ಪಾಯಿಂಟ್ 32 ಮಾಡಿದ್ದು, ಅದೂ ಈ ವೆಬ್ಲಿ ಮಾದರಿಯನ್ನೇ ಹಿಡಿದು. ತೋಟಾ ಇಲ್ಲೇ ಸಿಗುತ್ತದೆ. ನಿನ್ನದೇ ಒಳ್ಳೆಯದು.

ದೊಡ್ಡವ್ವ (ವಾಯ್ಸ್ ಮೆಸೇಜ್, ಸುಮಾ ಬರೆದದ್ದು): ನಮ್ಮ ಮನೆಯಲ್ಲೂ ಹಂದಿ ಓಡಿಸಲು ಬಂದೂಕು ಇತ್ತು. ಎಲೆಕ್ಷನ್ ಬಂದರೆ ಠಾಣೆಗೆ ಕೊಟ್ಟು ಬರುತ್ತಿದ್ದರು. ಆಯುಧಪೂಜೆಗೆ ಮಾತ್ರ ಪಡಸಾಲೆಗೆ ತರುತ್ತಿದ್ದರು. ಮಂಜು, ನೀನೂ ಹಾಗೇ ಪೂಜೆಗೆ ಇಡಪ್ಪ.

ಚಿಕ್ಕಪ್ಪ: ವೈನಿ, ಇಡಲಿ. ಆದರೆ ಅರಿಶಿನ ಕುಂಕುಮ ನೀರಿನಲ್ಲಿ ಕಲಸಿ ಹಚ್ಚಿ ಹಾಗೇ ಬಿಡಬಾರದು. ಅದೇ ಸಂಜೆ ಒರೆಸಿ ಎಣ್ಣೆ ಕೈ ಆಡಿಸಬೇಕು.

ವೀರೇಶ: ಕಿನ್ನಾಳದ ಹಿಡಿಗೂ ಬೇಡ ಅನ್ನುತ್ತೀರಾ ಚಿಕ್ಕಪ್ಪ?

ಚಿಕ್ಕಪ್ಪ: ಕಿನ್ನಾಳದ ಕೆಲಸ ಅಂದರೆ ನನಗೆ ಪ್ರಾಣ. ಆದರೆ ಅವರು ಗೊಂಬೆಗೆ ಬಳಸುವುದು ಹಗುರ ಮರ. ಹಿಡಿಗೆ ಬೀಟೆಯಂಥ ಗಟ್ಟಿ ಮರ ಬೇಕು. ಸೀಳಿದ ಪಟ್ಟಿ ಒಂದು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಅದನ್ನಷ್ಟೇ ಅಳತೆಗೆ ಕೊಟ್ಟು ಬಡಿಗರ ಹತ್ತಿರ ಬೀಟೆಯಲ್ಲಿ ಮಾಡಿಸು. ಈ ಕೆಲಸಕ್ಕೆ ರಿವಾಲ್ವರ್ ಮನೆ ಬಿಟ್ಟು ಹೋಗುವುದೇ ಬೇಡ. ಹೆಸರು ಬೇಕಾದರೆ ಆ ಮರದ ಮೇಲೆ ಕೆತ್ತಿಸು, ಲೋಹದ ಮೇಲೆ ಬೇಡ. ಹಳೆ ಪಟ್ಟಿ ಬಿಸಾಡಬೇಡ, ಸೀಳಿದ್ದರೂ ಕಂಪನಿಯದು.

ವೀರೇಶ: ಹೊಳಪಿದ್ದರೇ ಚಂದ ಅಂತ ನನಗೆ ಈಗಲೂ ಅನ್ನಿಸುತ್ತದೆ. ಬೀಟೆ ನಾನು ಕೊಡಿಸುತ್ತೇನೆ, ಹಳೆ ಬಾಗಿಲ ಚೌಕಟ್ಟಿನ ತುಂಡು ಇದೆ.

ಶಾರದಕ್ಕ: ಮಂಜು, ಲಾಕರ್?

ಮಂಜು: ಇವತ್ತೇ ಹೊಸಪೇಟೆಯಿಂದ ತರುತ್ತೇನೆ ಅಕ್ಕ. ಕೀಲಿ ನನ್ನ ಉಡದಾರಕ್ಕೇ ಇರುತ್ತದೆ. ಸೋಮವಾರ ಡೀಲರನ್ನು ಕೇಳಿ ಗನ್‌ಸ್ಮಿತ್ ಹತ್ತಿರ ತೋರಿಸುತ್ತೇನೆ. ಚಿಕ್ಕಪ್ಪ, ನೀವೂ ಬರಬೇಕು.

ಚಿಕ್ಕಪ್ಪ: ಬೆಳಿಗ್ಗೆ ಹತ್ತಕ್ಕೆ ಬಾ. ಲೈಸೆನ್ಸ್ ಪುಸ್ತಕ ಮರೆಯಬೇಡ.

ಸುಮಾ: ಮಾವ, ಮೊದಲ ಫೋಟೊದಲ್ಲಿ ನಂಬರ್ ಪೂರ್ತಿ ಕಾಣುತ್ತಿದೆ. ಗುಂಪಿನಿಂದ ಅಳಿಸಿಬಿಡಿ. ಡೌನ್‌ಲೋಡ್ ಮಾಡಿದವರೂ ಅಳಿಸಿ, ವೀರೇಶಣ್ಣ ನೀನೂ.