1944ರಲ್ಲಿ ಅರಾಕಾನ್‌ನಲ್ಲಿ ಕಾಣೆಯಾದ ಹರಿಕೇನ್ ಪೈಲಟ್: ಎಲ್ಲಿಂದ ಹುಡುಕಬೇಕು?

ಕೋಥ್ರೂಡ್ ಕನ್ನಡತಿ:
ನಮಸ್ಕಾರ. ಅಜ್ಜಿಯ ಅಣ್ಣ ಎರಡನೇ ಮಹಾಯುದ್ಧದಲ್ಲಿ ಇಂಡಿಯನ್ ಏರ್‌ಫೋರ್ಸಿನ ಫೈಟರ್ ಪೈಲಟ್. ಮನೆಯಲ್ಲಿ ಉಳಿದಿರುವುದು ಮೂರೇ: ವಿಮಾನದ ಪಕ್ಕ ನಿಂತ ಫೋಟೊ, ಕಾರ್ಯಾಚರಣೆಯಿಂದ ಮರಳಿಲ್ಲ ಎಂದು 1944ರ ಮಾರ್ಚ್‌ನಲ್ಲಿ ಬಂದ ತಂತಿ, ಐಎನ್‌ಡಿ ಎಂದು ಶುರುವಾಗುವ ಒಂದು ನಂಬರು. ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನ್ ಕಡೆ ಹರಿಕೇನ್ ಯುದ್ಧವಿಮಾನ ಹಾರಿಸುತ್ತಿದ್ದರಂತೆ. ಸ್ಕ್ವಾಡ್ರನ್, ಅಂದರೆ ವಿಮಾನ ದಳ, ಯಾವುದೆಂದು ಗೊತ್ತಿಲ್ಲ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಸೈಟಿನಲ್ಲಿ ಹೆಸರು ಹಾಕಿದರೆ ಏನೂ ಬರುತ್ತಿಲ್ಲ. ಖಡ್ಕಿಯ ಯುದ್ಧ ಸ್ಮಶಾನಕ್ಕೆ ಹೋಗಿ ನೋಡಿದರೆ ಉಪಯೋಗವಾದೀತೇ?

ಮಾಟುಂಗಾ ಮಾಣಿ:
ಖಡ್ಕಿಯ ರಿಕ್ಷಾ ದುಡ್ಡು ಉಳಿಸಿ. ಅಲ್ಲಿರುವ 1,668 ಸಮಾಧಿಗಳು ಪಶ್ಚಿಮ ಮತ್ತು ಮಧ್ಯ ಭಾರತದ ಚದುರಿದ ಸ್ಮಶಾನಗಳಿಂದ ತಂದು ಒಟ್ಟು ಮಾಡಿದವು. ಅದೇ ಆವರಣದ ಸ್ಮಾರಕದ ಹೆಸರುಗಳು ಮೊದಲ ಮಹಾಯುದ್ಧದವು. ಬರ್ಮಾ ಗಡಿಯಲ್ಲಿ ಕಾಣೆಯಾದವರು ಎರಡರಲ್ಲೂ ಇರುವುದಿಲ್ಲ.

ಇನ್ನೊಂದು ಕಡೆ ಜನ ಸಾಮಾನ್ಯವಾಗಿ ಎಡವುತ್ತಾರೆ. ಬರ್ಮಾ ಎಂದ ಕೂಡಲೇ ತೌಕ್ಯಾನ್‌ನ ರಂಗೂನ್ ಸ್ಮಾರಕದಲ್ಲಿ ಹುಡುಕುವುದು. ಅಲ್ಲಿರುವ ಸುಮಾರು 27,000 ಹೆಸರು ಭೂಸೇನೆಯವರದು. ಸಮಾಧಿಯೇ ಸಿಗದ ವಾಯುಸೇನೆಯವರ ಹೆಸರು ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿದೆ. ಕಮಿಷನ್ನಿನ ಸೈಟಿನಲ್ಲಿ ನಿಮ್ಮ ಪೈಲಟ್ ಹೆಸರಿನ ಪುಟದಲ್ಲಿ ‘ಕಾಲಂ’ ಎಂದು ಒಂದು ಸಂಖ್ಯೆ ಸಿಕ್ಕರೆ, ದೇಹ ಸಿಕ್ಕಿಲ್ಲ ಅಥವಾ ಗುರುತು ಹತ್ತಿಲ್ಲ ಎಂದರ್ಥ. ದೇಹ ಸಿಕ್ಕು ದಹನವಾಗಿದ್ದರೆ ತೌಕ್ಯಾನ್ ಅಥವಾ ಇಂಫಾಲದ ದಹನ ಸ್ಮಾರಕದಲ್ಲಿ ಬೇರೆಯಾಗಿ ಬರುತ್ತದೆ.

ಹೆಸರು ಸಿಗದಿರುವುದಕ್ಕೆ ಕಾರಣ ಹೆಚ್ಚಾಗಿ ನಮ್ಮ ಹೆಸರೇ. ಊರು, ಅಪ್ಪ, ತಾನು ಎಂಬ ಕ್ರಮ ಅಂದಿನ ಗುಮಾಸ್ತರಿಗೆ ಅರ್ಥವಾಗುತ್ತಿರಲಿಲ್ಲ. ಕೊನೆಯಲ್ಲಿ ಕಂಡದ್ದನ್ನು ಮನೆತನದ ಹೆಸರು ಅಂತ ಬರೆದುಕೊಂಡರು. ಕಾಮತ್‌ಗೆ ಕೊನೆಯಲ್ಲಿ ಎಚ್ ಇದ್ದರೂ ಇರಬಹುದು, ಇಲ್ಲದಿರಬಹುದು. ಶೆಟ್ಟಿ, ಹೆಗಡೆ ಮೂರ್ನಾಲ್ಕು ರೂಪದಲ್ಲಿವೆ. ಆದ್ದರಿಂದ ಹೆಸರಿನ ಜಾಗ ಖಾಲಿ ಬಿಡಿ. ಸೇವೆ ‘ಭಾರತ’, ಪಡೆ ‘ವಾಯುಸೇನೆ’, ದಿನಾಂಕ 1944 ಫೆಬ್ರವರಿ 15ರಿಂದ ಮಾರ್ಚ್ 31. ಬರುವ ಪಟ್ಟಿಯಲ್ಲಿ ಐಎನ್‌ಡಿ ನಂಬರನ್ನು ಕಣ್ಣಲ್ಲೇ ಹೋಲಿಸಿ. ಸಿಗದಿದ್ದರೆ ಅಕ್ಟೋಬರ್‌ವರೆಗೂ ಹಿಗ್ಗಿಸಿ. ಕಾಣೆಯಾದವರನ್ನು ಸಾಮಾನ್ಯವಾಗಿ ಆರು ತಿಂಗಳ ಮೇಲೆ ಮೃತರೆಂದು ಭಾವಿಸುತ್ತಿದ್ದರು, ಕೆಲವರಿಗೆ ಆ ತಾರೀಕೇ ನಮೂದಾಗಿ ಉಳಿದಿದೆ.

ಖಡ್ಕಿ ಕಟ್ಟೆ:
ಮೇಡಂ, ಹೆಸರಿನ ಬೆನ್ನು ಹತ್ತಬ್ಯಾಡ್ರಿ, ವಿಮಾನದ ಬೆನ್ನು ಹತ್ರಿ. ಪೈಲಟ್‌ನ ಹೆಸರು ಹತ್ತು ಥರ ಬರದಿರ್ತಾರ, ವಿಮಾನಕ್ಕ ಮಾತ್ರ ಒಂದೇ ಸೀರಿಯಲ್ ನಂಬರ್: ಹೆಚ್ಚಾಗಿ ಎರಡು ಇಂಗ್ಲಿಷ್ ಅಕ್ಷರ, ಮೂರು ಅಂಕಿ. ಹರಿಕೇನ್‌ನ್ಯಾಗ ಅದು ಹಿಂದಿನ ಮೈಮ್ಯಾಲೆ, ಬಾಲದ ರೆಕ್ಕಿಗೆ ಸ್ವಲ್ಪ ಮುಂದ ಸಣ್ಣದಾಗಿ ಬರದಿರ್ತದ. ವಾಯುಸೇನೆ ಗುರುತಿನ ಬಣ್ಣದ ವೃತ್ತದ ಬಾಜೂಕ ಇರೋ ದೊಡ್ಡ ಒಂಟಿ ಅಕ್ಷರ ಸೀರಿಯಲ್ ಅಲ್ಲ. ಅದು ಸ್ಕ್ವಾಡ್ರನ್ ಒಳಗಿನ ಗುರುತು, ವಿಮಾನ ಹೋದ್ರ ಅದೇ ಅಕ್ಷರ ಮತ್ತೊಂದಕ್ಕ ಕೊಡ್ತಿದ್ರು.

ಫೋಟೊ ಮೊಬೈಲ್‌ನ್ಯಾಗ ತಗಿಬ್ಯಾಡ್ರಿ. ಸ್ಕ್ಯಾನರ್‌ನ್ಯಾಗ 1200 ಡಿಪಿಐ ಇಟ್ಟು ತಗೀರಿ, ಹಿಂಬದಿನೂ ಸ್ಕ್ಯಾನ್ ಮಾಡ್ರಿ. ಪೆನ್ಸಿಲ್ ಬರಹ ಮಾಸಿದ್ರ ಪಕ್ಕದಿಂದ ಟಾರ್ಚ್ ಹಿಡೀರಿ, ಒತ್ತಿದ ಗೆರಿ ಏಳ್ತಾವ. ವೃತ್ತದ ನಡುವಿನ ಚುಕ್ಕಿ ನೋಡ್ರಿ. ಜಪಾನಿಯರ ಕೆಂಪು ಸೂರ್ಯನ ಜೋಡಿ ಗೊಂದಲ ಆಗಬಾರದಂತ 1943ರ ನಡುವಿಂದ ಈ ಕಡೆ ಕೆಂಪು ತಗದು ಕಡುನೀಲಿ, ತಿಳಿನೀಲಿ ಮಾಡಿದ್ರು. ರೆಕ್ಕಿ ಮುಂದ ಎರಡೆರಡು ಉದ್ದ ನಳಿಕೆ ಕಂಡ್ರ ಅದು 20 ಮಿಮೀ ತೋಪಿನ ಐಐಸಿ ಮಾದರಿ. ತೋಳಿನ ಪಟ್ಟಿ ಒಂದಿದ್ರ ಫ್ಲೈಯಿಂಗ್ ಆಫೀಸರ್, ಅದೂ ಸಣ್ಣದಿದ್ರ ಪೈಲಟ್ ಆಫೀಸರ್.

ಸ್ಕ್ವಾಡ್ರನ್ ವಿಚಾರ. 1944ರ ಮೊದಲ ತಿಂಗಳುಗಳಲ್ಲಿ ಅರಾಕಾನ್, ಹರಿಕೇನ್ ಅಂದ್ರ ಮೊದಲು 6ನೇ ಸ್ಕ್ವಾಡ್ರನ್ ನೋಡ್ರಿ, ಮೆಹರ್ ಸಿಂಗ್ ಅವರದು. 1ನೇದು ಅರ್ಜನ್ ಸಿಂಗ್ ಅವರ ಕೈಕೆಳಗ ಇಂಫಾಲದಾಗಿತ್ತು. 7, 8 ಆಗ ಹಾರಿಸ್ತಿದ್ದದ್ದು ವೆಂಜನ್ಸ್ ಬಾಂಬರ್, ಅವನ್ನ ಬಿಡ್ರಿ.

ಮುಖ್ಯ ಕಾಗದ ಸ್ಕ್ವಾಡ್ರನ್‌ನ ಕಾರ್ಯಾಚರಣೆ ದಿನಚರಿ. ಫಾರ್ಮ್ 540ರಾಗ ದಿನದ ಸಾರಾಂಶ, 541ರಾಗ ಪ್ರತಿ ಹಾರಾಟದ ಸಾಲು: ವಿಮಾನದ ನಂಬರ್, ಪೈಲಟ್, ಕೆಲಸ, ಏರಿದ ಹೊತ್ತು, ಇಳಿದ ಹೊತ್ತು, ವಿವರ. ಏರಿದ ಹೊತ್ತು ಇದ್ದು ಇಳಿದ ಹೊತ್ತಿನ ಮನಿ ಖಾಲಿ ಐತಿ ಅಂದ್ರ ಅದೇ ನಿಮ್ಮ ಸಾಲು. ಅದರ ಕೆಳಗಿನ ಸಾಲನ್ನೂ ಬಿಡಬ್ಯಾಡ್ರಿ. ಬೇಹು ಹಾರಾಟಕ್ಕ ಇಬ್ಬರು ಜೋಡಿಯಾಗಿ ಹೋಗ್ತಿದ್ರು. ಒಬ್ಬ ನೆಲ ನೋಡಾಂವ, ಇನ್ನೊಬ್ಬ ಹಿಂದ ಅತ್ತಿತ್ತ ತಿರುಗುತ್ತ ಕಾಯಾಂವ. ತಿರುಗಿ ಬಂದಾಂವ ಹೇಳಿದ ಮಾತು ಅವನ ಸಾಲಿನಾಗ ಇರ್ತದ, ಕಳದ ಹೋದವನ ಸಾಲಿನಾಗಲ್ಲ.

ಮಾಟುಂಗಾ ಮಾಣಿ:
ಗಡಿಯಾರದ ವಿಷಯ ಸೇರಿಸುತ್ತೇನೆ. 1942 ಸೆಪ್ಟೆಂಬರ್‌ನಿಂದ 1945 ಅಕ್ಟೋಬರ್‌ವರೆಗೆ ಭಾರತದ ಗಡಿಯಾರ ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದಿತ್ತು, ಈಗಿನಂತೆ ಐದೂವರೆಯಲ್ಲ. ಎರಡು ಕಡತಗಳಲ್ಲಿ ಒಂದೇ ಘಟನೆಗೆ ಒಂದು ಗಂಟೆ ಅಥವಾ ಆರೂವರೆ ಗಂಟೆ ವ್ಯತ್ಯಾಸ ಕಂಡರೆ ಬೇರೆ ವಿಮಾನವೆಂದು ತೀರ್ಮಾನಿಸಬೇಡಿ.

ದಿನಚರಿಗಳು ಕಾರ್ಬನ್ ಪ್ರತಿಗಳು. 3 ಮತ್ತು 8, 6 ಮತ್ತು 0 ಅದಲುಬದಲಾಗುತ್ತವೆ. ವಿಮಾನದ ಚಲನವಲನದ ಕಾರ್ಡು, ಅಂದರೆ ಫಾರ್ಮ್ 78ರ ಜೊತೆ ತಾಳೆ ನೋಡಿ. ಅದರಲ್ಲಿ ಪಟ್ಟಿಯಿಂದ ತೆಗೆದ ತಾರೀಕು ಬಿದ್ದ ದಿನಕ್ಕಿಂತ ವಾರಗಟ್ಟಲೆ ತಡವಾಗಿರುವುದುಂಟು, ಅದನ್ನು ಸಾವಿನ ದಿನವೆಂದು ಓದಬೇಡಿ.

ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಎಐಆರ್ 27 ಎಂಬ ಕಡತ ಸರಣಿ ಸ್ಕ್ವಾಡ್ರನ್ನುಗಳದ್ದು, 26 ಹಲವು ಸ್ಕ್ವಾಡ್ರನ್ ಸೇರಿದ ವಿಂಗ್‌ಗಳದ್ದು, 28 ವಾಯುನೆಲೆಗಳದ್ದು. ಸ್ಕ್ವಾಡ್ರನ್ ಪುಟ ಮಸುಕಾಗಿದ್ದರೆ ಅದೇ ದಿನವನ್ನು ವಿಂಗ್‌ನ ದಿನಚರಿಯಲ್ಲಿ ನೋಡಬೇಕು.

ವಾಸ್ಕೋದವ:
ದೆಹಲಿಯನ್ನು ಯಾರೂ ಹೇಳಲಿಲ್ಲವಲ್ಲ. ಆರ್.ಕೆ. ಪುರಂನಲ್ಲಿ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ ಇದೆ. ಮೊದಲು ಸಾದಾ ಪತ್ರ ಬರೆಯಿರಿ: ನಂಬರು, ದರ್ಜೆ, ತಂತಿಯ ಪ್ರತಿ, ನಿಮ್ಮ ಸಂಬಂಧ ತೋರಿಸುವ ಕಾಗದ. ‘ಇರುವ ಮಾಹಿತಿ ಎಲ್ಲ ಕೊಡಿ’ ಎಂದರೆ ಕೆಲಸ ಕೆಡುತ್ತದೆ. ‘6ನೇ ಸ್ಕ್ವಾಡ್ರನ್, 1944 ಮಾರ್ಚ್ 1ರಿಂದ 31, ಫಾರ್ಮ್ 540 ಮತ್ತು 541’ ಎಂದು ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಗಡುವು 30 ದಿನ. ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಿದರೆ ಸೆಕ್ಷನ್ 8(3) ತೋರಿಸಿ ಮೇಲ್ಮನವಿ ಹಾಕಿ. 20 ವರ್ಷ ದಾಟಿದ ಘಟನೆಗೆ ಆ ನೆಪ ನಿಲ್ಲುವುದಿಲ್ಲ.

ಇನ್ನು, ಬರ್ಮಾದಲ್ಲಿ ಸೆರೆಸಿಕ್ಕ ಪೈಲಟ್‌ಗಳನ್ನು ರಂಗೂನ್ ಜೈಲಿನಲ್ಲಿ ಇಡುತ್ತಿದ್ದರು. ಸೆರೆಯಾಳುಗಳ ಜಪಾನಿ ಕಾರ್ಡುಗಳು ಕ್ಯೂನಲ್ಲಿ ಡಬ್ಲ್ಯುಒ 345 ಎಂಬ ಕಡತ ಸರಣಿಯಲ್ಲಿವೆ. ಕಾರ್ಡು ಇಲ್ಲ ಅಂದ ಮಾತ್ರಕ್ಕೆ ಸೆರೆ ಸಿಕ್ಕಿರಲಿಲ್ಲ ಎನ್ನುವಂತಿಲ್ಲ.

ಕೋಥ್ರೂಡ್ ಕನ್ನಡತಿ:
ಸಿಕ್ಕಿತು! ಹೆಸರಿನ ಜಾಗ ಖಾಲಿ ಬಿಟ್ಟಾಗ ಬಂತು. ಅಪ್ಪನ ಹೆಸರು ಮನೆತನದ ಜಾಗದಲ್ಲಿತ್ತು. ಸಿಂಗಪುರ ಸ್ಮಾರಕ, ಕಾಲಂ ಸಂಖ್ಯೆಯೂ ಇದೆ. ಫೋಟೊ ಸ್ಕ್ಯಾನ್ ಮಾಡಿದೆ. ಮೊದಲ ಅಕ್ಷರ ಎಲ್, ಎರಡನೆಯದು ಬಿಯೋ ಡಿಯೋ ತಿಳಿಯುತ್ತಿಲ್ಲ. ಅಂಕಿಗಳು ಸ್ಪಷ್ಟ.

ಖಡ್ಕಿ ಕಟ್ಟೆ:
ಎಲ್‌ಬಿ, ಎಲ್‌ಡಿ ಎರಡೂ ಹರಿಕೇನ್ ಸರಣಿನೇ ರೀ, ಅಕ್ಷರದಿಂದ ಒಂದನ್ನ ತಗದು ಹಾಕಾಕ ಬರೂದಿಲ್ಲ. ಎರಡೂ ನಂಬರ್ ಬರ್ಕೊಂಡು ಮಾರ್ಚ್‌ನ 541 ಪೂರ್ತಿ ಓದ್ರಿ, ಯಾವುದು ಆ ಸ್ಕ್ವಾಡ್ರನ್‌ನ್ಯಾಗ ಹಾರೇತಿ ನೋಡ್ರಿ. ಒಂದ್ ಮಾತು: ಫೋಟೊದಾಗಿನ ವಿಮಾನದಾಗೇ ಅವರು ಹೋದ್ರು ಅಂತ ಹಿಡೀಬ್ಯಾಡ್ರಿ. ಅವತ್ತು ಯಾವುದು ಹಾರೋ ಹಂಗ ಇತ್ತೋ ಅದನ್ನ ಕೊಡ್ತಿದ್ರು.