ಸಬ್‌ವೂಫರಿನ ಗುಡುಗು ಕೆಳಮನೆಗೆ ಇಳಿಯದಂತೆ ಮಾಡುವುದು ಹೇಗೆ?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ): ನಾವು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿದ್ದೇವೆ. ಸಂಜೆ ಸ್ವಲ್ಪ ಹೊತ್ತು ಸಬ್‌ವೂಫರ್ (ತಗ್ಗು ಸ್ವರಗಳನ್ನು ನುಡಿಸುವ ಸ್ಪೀಕರ್ ಪೆಟ್ಟಿಗೆ) ಹಾಕಿ ಸಂಗೀತ ಕಛೇರಿ ಕೇಳಿದರೂ, ಮೃದಂಗದ ಎಡಮುಖದ ಪೆಟ್ಟು ಬಿದ್ದಾಗಲೆಲ್ಲ ತಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಅದುರುತ್ತವೆ ಎಂದು ಕೆಳಮನೆಯ ಹಿರಿಯರು ಹೇಳುತ್ತಾರೆ. ದೂರು ಸುಳ್ಳಲ್ಲ, ನಾನೇ ಹೋಗಿ ಕೇಳಿ ಬಂದೆ. ಗೋಡೆಗೆ ಫೋಮ್ ಅಂಟಿಸಿದರೆ ಪ್ರಯೋಜನವಾದೀತೇ?

ಉತ್ತರ (ಸಾಗರ): ಫೋಮಿಗೆ ದುಡ್ಡು ಸುರಿಯಬೇಡಿ. 40 ಹರ್ಟ್ಸ್‌ನ (ಸೆಕೆಂಡಿಗೆ 40 ಕಂಪನಗಳ) ತಗ್ಗು ಧ್ವನಿಯ ತರಂಗ ಸುಮಾರು 8.5 ಮೀಟರ್ ಉದ್ದವಿರುವುದರಿಂದ, ಎರಡು ಇಂಚಿನ ಫೋಮು ಅದಕ್ಕೆ ಲೆಕ್ಕಕ್ಕೇ ಇಲ್ಲ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಮೊದಲು ಈಚೆಗೆ ತನ್ನಿ, ಏಕೆಂದರೆ ಎರಡು ಗೋಡೆಗಳೂ ನೆಲವೂ ಕೂಡುವಲ್ಲಿ ಬಾಸ್, ಅಂದರೆ ತಗ್ಗು ಸ್ವರದ ಸದ್ದು, ತಾನಾಗಿಯೇ ಉಬ್ಬುತ್ತದೆ. ನಿಮ್ಮ ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡರೆ ವಾಲ್ಯೂಮನ್ನು ಬಹಳಷ್ಟು ಇಳಿಸಿಯೂ ತೃಪ್ತಿಯಾಗಿ ಕೇಳಬಹುದು. ಅಡಿಯಲ್ಲಿ ದಪ್ಪ ರಬ್ಬರ್ ಪ್ಯಾಡ್ ಹಾಕಿ.

ಉತ್ತರ (ತೀರ್ಥಹಳ್ಳಿ): ಪ್ಯಾಡ್ ಪೆಟ್ಟಿಗೆಯಿಂದ ನೆಲಕ್ಕೆ ನೇರವಾಗಿ ಇಳಿಯುವ ಅದುರನ್ನು ತಗ್ಗಿಸುತ್ತದೆಯೇ ಹೊರತು, ಗಾಳಿಯ ಮೂಲಕ ಹೋಗಿ ಚಪ್ಪಡಿಯನ್ನು ನಡುಗಿಸುವ ಬಾಸನ್ನು ತಡೆಯದು. ಆಂಪ್ಲಿಫೈಯರಿನಲ್ಲಿ ನೈಟ್ ಮೋಡ್ (ಜೋರು ಸದ್ದನ್ನು ತಗ್ಗಿಸುವ ಸೌಲಭ್ಯ) ಇದ್ದರೆ ಬಳಸಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿಯಿದೆ. ಆದರೆ ಅದನ್ನು ಅಳೆಯುವ ‘ಎ’ ಮಾಪನವು (ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ ಅಳತೆ) ಬಾಸನ್ನು ಕಡಿಮೆ ಲೆಕ್ಕಿಸುವುದರಿಂದ, ಮೊಬೈಲಿನಲ್ಲಿ ಅಳೆದ ಡೆಸಿಬೆಲ್ ಅಂಕಿ ತೋರಿಸಿ ಹಿರಿಯರೊಡನೆ ವಾದಕ್ಕಿಳಿಯಬೇಡಿ. (ಮಳೆಗಾಲದಲ್ಲಿ ನಮ್ಮ ಹೆಂಚಿನ ಮಾಡಿನ ಸದ್ದಿಗೆ ಯಾವ ಬಾಸೂ ಕೇಳಿಸದು!)

ಪ್ರಶ್ನಿಸಿದವರು: ಪೆಟ್ಟಿಗೆಯನ್ನು ಮೂಲೆಯಿಂದ ಸರಿಸಿ, ಪ್ಯಾಡ್ ಹಾಕಿ, ಹಿರಿಯರನ್ನೇ ಕೇಳಿದೆ. ಡಬ್ಬಿಗಳು ಸುಮ್ಮನಾಗಿವೆಯಂತೆ, ಸಾಸಿವೆ ಡಬ್ಬಿಯ ಸಡಿಲ ಮುಚ್ಚಳವೊಂದು ಮಾತ್ರ ಈಗಲೂ ತಾಳ ಹಾಕುತ್ತಿದೆಯಂತೆ.