ಸಹಾಯ ಬೇಕು: ಫೈರ್‌ರೆಡ್ ಚಾಂಪಿಯನ್ನಿನ ಪೋಕೆಮಾನ್‌ಗಳ ಐವಿ ಬಗ್ಗೆ

ಗೊತ್ತಿರೋರು ದಯವಿಟ್ಟು ಹೇಳಿ, ಮೂರು ದಿನದಿಂದ ಇದೇ ತಲೇಲಿ ಕೊರೀತಿದೆ. ಪೋಕೆಮಾನ್ ಫೈರ್‌ರೆಡ್ ಗೇಮ್‌ನಲ್ಲಿ ಕೊನೇ ಎದುರಾಳಿ ಚಾಂಪಿಯನ್ ಹತ್ರ ಸೋತು ಸೋತು ಸಾಕಾಗಿದೆ. ನಮ್ಮ ಪೋಕೆಮಾನ್‌ನ ಎಚ್‌ಪಿ (ಜೀವಬಲ) ಅಂಕಿಯಲ್ಲಿ ಕಾಣುತ್ತೆ, ಎದುರಾಳಿಯದ್ದಕ್ಕೆ ಬರೀ ಪಟ್ಟಿ.

ಅಳೆದೇ ನೋಡೋಣ ಅಂತ ನನ್ನ 45ನೇ ಲೆವೆಲ್‌ನ ಪೋಕೆಮಾನ್ ಚಾನ್ಸಿಗೆ ಸೈಸ್ಮಿಕ್ ಟಾಸ್ ಅನ್ನೋ ದಾಳಿ ಕಲಿಸಿದೆ. ಅದರ ಏಟು ಯಾವಾಗ್ಲೂ ಲೆವೆಲ್‌ನಷ್ಟೇ, ಅಂದ್ರೆ ಸರಿಯಾಗಿ 45. ಚಾಂಪಿಯನ್ನಿನ 59ನೇ ಲೆವೆಲ್ ಪಿಜಿಯಾಟ್‌ಗೆ ನಾಲ್ಕು ಏಟು ಬಿತ್ತು, ಒಟ್ಟು 180. ಆದ್ರೂ ಕೂದಲೆಳೆಯಷ್ಟು ಕೆಂಪು ಗೆರೆ ಉಳೀತು! ತಕ್ಷಣ ಎಚ್‌ಪಿ ಪೂರ್ತಿ ತುಂಬಿಸೋ ಫುಲ್ ರಿಸ್ಟೋರ್ ಔಷಧಿ ಹಾಕಿಬಿಟ್ಟ. ಲೆಕ್ಕದಲ್ಲಿ ಐವಿ (ಪ್ರತಿ ಪೋಕೆಮಾನ್‌ಗೂ ಹುಟ್ಟಿನಿಂದ ಬರೋ, 0ರಿಂದ 31ರವರೆಗಿನ ಗುಪ್ತ ಅಂಕ) 0 ಇದ್ರೆ ಎಚ್‌ಪಿ 166, 31 ಇದ್ರೆ 185. ಇವಿ (ಪಂದ್ಯ ಆಡಿ ಗಳಿಸೋ ಹೆಚ್ಚುವರಿ ಅಂಕ) ಇಲ್ಲ ಅಂದ್ಕೊಂಡ್ರೆ ಐವಿ ಕನಿಷ್ಠ 24 ಇರಲೇಬೇಕು.

ನಾನು ಸಿಕ್ಕಿಹಾಕಿಕೊಂಡಿರೋದು ಇಲ್ಲೇ. ಅವನ 57ನೇ ಲೆವೆಲ್ ಅಲಕಜಾಮ್‌ನ ವೇಗ, ನೇಚರ್ (ಅಂಕಗಳನ್ನ ಏರಿಳಿಸೋ ಸ್ವಭಾವ) ಪರಿಣಾಮ ಬಿಟ್ರೆ, ಐವಿ ಮೇಲೆ 141ರಿಂದ 159ರೊಳಗೆ ಎಷ್ಟಾದ್ರೂ ಇರಬಹುದು. ನನ್ನ ಜೋಲ್ಟಿಯಾನ್‌ದು 150. ಯಾರು ಮೊದಲು ಹೊಡೀತಾರೆ ಅನ್ನೋದರ ಮೇಲೇ ಇಡೀ ಪಂದ್ಯ ನಿಂತಿದೆ.

ಚಾಂಪಿಯನ್ನಿನ ಪೋಕೆಮಾನ್‌ಗೆ ಎಚ್‌ಪಿ, ವೇಗ ಮುಂತಾದ ಆರೂ ಅಂಶಕ್ಕೆ ಒಂದೇ ಐವಿ ಇರುತ್ತಾ, ಅಥವಾ ಎಚ್‌ಪಿಗೊಂದು, ವೇಗಕ್ಕೊಂದು ಬೇರೆ ಬೇರೆನಾ? ಅವಕ್ಕೆ ಇವಿ ಏನಾದ್ರೂ ಕೊಟ್ಟಿರ್ತಾರಾ?